ದೂರವಾಣಿ ಸಂಖ್ಯೆ ಯಾರ ಕೈಯಲ್ಲಿದೆ?

ವ್ಯಾಪಾರ ಸಂಸ್ಥೆಗೆ ಅದರ ದೂರವಾಣಿ ಸಂಖ್ಯೆಯು ನಾಮಫಲಕದಷ್ಟೇ ಮುಖ್ಯವಾದುದು. ಫಲಕವನ್ನು ಒಂದು ದಿನದಲ್ಲಿ ಬದಲಿಸಬಹುದು. ಆದರೆ ಬಿಲ್ ಪುಸ್ತಕ, ಲೆಟರ್‌ಹೆಡ್, ಪ್ಯಾಕಿಂಗ್ ಪೆಟ್ಟಿಗೆ, ಗೋಡೆಯ ಕ್ಯಾಲೆಂಡರು ಹಾಗೂ ಹೊರ ಊರಿನ ಗಿರಾಕಿಗಳ ಡೈರಿಗಳಲ್ಲಿ ವರ್ಷಾನುಗಟ್ಟಲೆ ನೆಲೆಗೊಂಡಿರುವ ಸಂಖ್ಯೆಯನ್ನು ಬದಲಿಸುವುದು ಸುಲಭದ ಮಾತಲ್ಲ. ಹೀಗಿದ್ದರೂ ಅಂತರ್ಜಾಲ ದೂರವಾಣಿಯ ಸೇವಾದಾತರನ್ನು ಬದಲಿಸಲು ಹೊರಟ ಸಣ್ಣ ಉದ್ಯಮಿಯು ಮೊದಲು ಕೇಳುವ ಪ್ರಶ್ನೆ, ‘ತಿಂಗಳಿಗೆ ಎಷ್ಟು?’ ಎಂಬುದು. ‘ನಾಳೆ ನಿಮ್ಮನ್ನು ಬಿಟ್ಟರೆ ಈ ಸಂಖ್ಯೆ ನಮ್ಮೊಡನೆ ಬರುತ್ತದೆಯೇ?’ ಎಂಬ ಪ್ರಶ್ನೆಯನ್ನು ಕೊನೆಯಲ್ಲಿಯೂ ಕೇಳದಿರುವವರೇ ಹೆಚ್ಚು. ಈ ಕ್ರಮವು ತಿರುವುಮುರುವಾಗಬೇಕಾಗಿದೆ.

ದರದ ಲೆಕ್ಕಾಚಾರ ಹಳೆಯದಾಯಿತು

ಭಾರತದಲ್ಲಿ 2002ರ ಏಪ್ರಿಲ್‌ನಲ್ಲಿ ಅಂತರ್ಜಾಲ ದೂರವಾಣಿಗೆ ಸೀಮಿತ ಅವಕಾಶ ದೊರೆತಾಗ ಅದರ ಮುಖ್ಯ ಆಕರ್ಷಣೆ ಅಗ್ಗದ ವಿದೇಶಿ ಕರೆಯಾಗಿತ್ತು. ಇಂದಿನ ಪರಿಸ್ಥಿತಿ ಬೇರೆ. 2016ರ ನಂತರ ಮೊಬೈಲ್ ಸಂಸ್ಥೆಗಳ ಪೈಪೋಟಿಯಿಂದ ದೇಶದೊಳಗಿನ ಕರೆಗಳು ಮಾಸಿಕ ಬಾಡಿಗೆಯಲ್ಲಿಯೇ ಅಡಕವಾದವು. ಸಂಸ್ಥೆಗಳು ಪರಸ್ಪರ ತೆರಬೇಕಾಗಿದ್ದ ಕರೆ ಸಂಪರ್ಕ ಶುಲ್ಕವೂ 2021ರ ಜನವರಿ 1ರಿಂದ ರದ್ದಾಯಿತು. ಆದ್ದರಿಂದ ನಿಮಿಷದ ದರದಲ್ಲಿ ಉಳಿತಾಯವಾಗುವುದೆಂಬ ವಾದಕ್ಕೆ ದೇಶೀಯ ಕರೆಗಳ ಮಟ್ಟಿಗೆ ಹೆಚ್ಚಿನ ಅರ್ಥ ಉಳಿದಿಲ್ಲ.

ಈ ಸೇವೆಯ ನಿಜವಾದ ಲಾಭ ಬೇರೆಡೆ ಇದೆ. ಒಂದೇ ಸಂಖ್ಯೆಗೆ ಬಂದ ಕರೆಯು ಅಂಗಡಿಯಲ್ಲೂ ಗೋದಾಮಿನಲ್ಲೂ ಮಾಲೀಕರ ಜೇಬಿನಲ್ಲೂ ಮೊಳಗುವುದು, ತಪ್ಪಿಹೋದ ಕರೆಗಳ ಪಟ್ಟಿ ಸಂಜೆಗೆ ದೊರೆಯುವುದು, ಹೊಸ ನೌಕರರಿಗೆ ತಂತಿ ಎಳೆಯದೆಯೇ ಎಕ್ಸ್‌ಟೆನ್ಷನ್ ಕೊಡಲು ಸಾಧ್ಯವಾಗುವುದು ಸಣ್ಣ ಅನುಕೂಲಗಳಲ್ಲ. ಇವು ಸರಿಯಾಗಿ ನಡೆಯುತ್ತಿದ್ದಲ್ಲಿ ಕೇವಲ ನೂರಿನ್ನೂರು ರೂಪಾಯಿಯ ವ್ಯತ್ಯಾಸಕ್ಕಾಗಿ ಸೇವಾದಾತರನ್ನು ಬದಲಿಸುವುದು ಜಾಣತನವೆನಿಸದು.

ದೋಷ ಎಲ್ಲಿದೆ ಎಂಬುದನ್ನು ಮೊದಲು ಅರಿಯಬೇಕು

ಧ್ವನಿ ತುಂಡುತುಂಡಾಗುತ್ತದೆ ಎಂಬುದು ಸೇವಾದಾತರನ್ನು ಬದಲಿಸಲು ಹೊರಟವರು ಸಾಮಾನ್ಯವಾಗಿ ಕೊಡುವ ಕಾರಣ. ಆದರೆ ದೋಷವು ಅನೇಕ ವೇಳೆ ಕಚೇರಿಯ ಒಳಗೇ ಇರುತ್ತದೆ. ಅಂತರ್ಜಾಲ ದೂರವಾಣಿಯು ಮಾತನ್ನು ಸಾಮಾನ್ಯವಾಗಿ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಚಿಕ್ಕ ಕಟ್ಟುಗಳನ್ನಾಗಿ ಮಾಡಿ ಕಳುಹಿಸುತ್ತದೆ. ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಸುಮಾರು 100 ಕಿಲೋಬಿಟ್ ವೇಗ ಸಾಕು. ಏಕಕಾಲಕ್ಕೆ ಐದು ಕರೆಗಳಿದ್ದರೂ ಅರ್ಧ ಮೆಗಾಬಿಟ್ ಮಾತ್ರ. ಅಂದರೆ ಇಂದಿನ ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ವೇಗದ ಕೊರತೆ ಅಪರೂಪ. ತೊಂದರೆಯಾಗುವುದು ಕಟ್ಟುಗಳು ತಡವಾಗಿ ತಲುಪಿದಾಗ ಅಥವಾ ದಾರಿಯಲ್ಲಿ ಕಳೆದುಹೋದಾಗ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪುವ ವಿಳಂಬವು ಸೆಕೆಂಡಿನ ಸಾವಿರದಲ್ಲಿ 150 ಭಾಗವನ್ನು ಮೀರದಿರುವುದು ಲೇಸೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಸೂಚಿಸಿದೆ.

ಕಾರ್ಖಾನೆಯ ಕಣ್ಗಾವಲು ಕ್ಯಾಮೆರಾಗಳ ಚಿತ್ರಗಳೂ ದೊಡ್ಡ ಗಾತ್ರದ ಡ್ರಾಯಿಂಗ್ ಫೈಲುಗಳೂ ಅದೇ ಸಂಪರ್ಕದ ಮೂಲಕ ಹೊರಹೋಗುತ್ತಿದ್ದಲ್ಲಿ ಮಾತಿನ ಕಟ್ಟುಗಳು ಸರದಿಯಲ್ಲಿ ಹಿಂದೆ ಬೀಳುತ್ತವೆ. ರೂಟರ್‌ನಲ್ಲಿ ಧ್ವನಿಗೆ ಆದ್ಯತೆ ನೀಡುವ ವ್ಯವಸ್ಥೆ ಇದ್ದರೆ ಅದನ್ನು ಚಾಲನೆಗೊಳಿಸಲು ಖರ್ಚಿಲ್ಲ. ವಿದ್ಯುತ್ತಿನ ವಿಚಾರವೂ ಇದೆ. ಹಳೆಯ ತಾಮ್ರದ ತಂತಿಯ ದೂರವಾಣಿಗೆ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯೇ ಶಕ್ತಿಯಾಗಿತ್ತು. ಇಂದು ರೂಟರ್‌ಗೆ ಯುಪಿಎಸ್ ಇಲ್ಲದಿದ್ದರೆ ಕರೆಂಟು ಹೋದೊಡನೆ ದೂರವಾಣಿಯೂ ಮೌನವಾಗುತ್ತದೆ. ಇಂತಹ ದೋಷಗಳು ಸೇವಾದಾತರನ್ನು ಬದಲಿಸಿದರೂ ಬೆನ್ನು ಬಿಡುವುದಿಲ್ಲ.

ಸಂಖ್ಯೆಯ ಪ್ರಶ್ನೆ

ಇವೆಲ್ಲವನ್ನೂ ಪರಿಶೀಲಿಸಿದ ಮೇಲೂ ಬದಲಾವಣೆ ಅನಿವಾರ್ಯವೆಂದಾದರೆ ಸಂಖ್ಯೆಯ ಪ್ರಶ್ನೆ ಎದುರಾಗುತ್ತದೆ. ಮೊಬೈಲ್ ಗ್ರಾಹಕರಿಗೆ ಈ ಚಿಂತೆಯಿಲ್ಲ. 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಆರಂಭವಾದ ಸಂಖ್ಯಾ ವರ್ಗಾವಣೆಯ ಸೌಲಭ್ಯವು 2011ರ ಜನವರಿ 20ರಂದು ದೇಶಕ್ಕೆಲ್ಲ ವಿಸ್ತರಿಸಿತು. 2015ರ ಜುಲೈ 3ರಿಂದ ಒಂದು ವಲಯದಿಂದ ಮತ್ತೊಂದು ವಲಯಕ್ಕೂ ಸಂಖ್ಯೆಯನ್ನು ಕೊಂಡೊಯ್ಯಬಹುದಾಗಿದೆ. ಆದರೆ ಈ ಹಕ್ಕನ್ನು ನೀಡಿದ 2009ರ ನಿಯಮಾವಳಿಯು ಮೊಬೈಲ್ ಸಂಖ್ಯೆಗಳಿಗೆ ಮಾತ್ರ ಅನ್ವಯಿಸುತ್ತದೆ. ಬೆಂಗಳೂರಿನ 080, ಹುಬ್ಬಳ್ಳಿಯ 0836, ಶಿವಮೊಗ್ಗದ 08182 ಮುಂತಾದ ಸಂಕೇತಗಳಡಿಯ ಸ್ಥಿರ ಸಂಖ್ಯೆಗಳಿಗೆ ಅದರಲ್ಲಿ ಸ್ಥಾನವಿಲ್ಲ.

ಗಿರಾಕಿಗಳೆಲ್ಲ ಈಗ ವಾಟ್ಸ್ಆ್ಯಪ್ ಬಳಸುತ್ತಾರೆ, ದೂರವಾಣಿ ಸಂಖ್ಯೆ ಯಾವುದಾದರೇನು ಎಂದು ಕೆಲವರು ವಾದಿಸಬಹುದು. ಆದರೆ ಆ ಖಾತೆಯೂ ಒಂದು ಸಂಖ್ಯೆಯನ್ನೇ ಆಧರಿಸಿ ನಿಂತಿದೆ. ಬ್ಯಾಂಕಿನ ಒಟಿಪಿ ಬರುವುದೂ ಜಿಎಸ್‌ಟಿ ನೋಂದಣಿಯಲ್ಲಿ ದಾಖಲಾಗಿರುವುದೂ ಸಂಖ್ಯೆಯೇ.

ಅಮೆರಿಕದ ಒಂದು ಪ್ರಸಂಗ ಇಲ್ಲಿ ಸ್ಮರಣೀಯ. ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದ ಸನ್‌ರಾಕೆಟ್ ಎಂಬ ಅಂತರ್ಜಾಲ ದೂರವಾಣಿ ಸಂಸ್ಥೆಯು 2007ರ ಜುಲೈನಲ್ಲಿ ಹಠಾತ್ತನೆ ಬಾಗಿಲು ಮುಚ್ಚಿತು. ವರ್ಷದ ಶುಲ್ಕವನ್ನು ಮುಂಗಡವಾಗಿ ತೆತ್ತಿದ್ದವರು ಹಣದ ಜೊತೆಗೆ ಸಂಖ್ಯೆಯನ್ನೂ ಕಳೆದುಕೊಳ್ಳುವ ಭೀತಿಗೊಳಗಾದರು. ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿನ ದೂರಸಂಪರ್ಕ ಆಯೋಗವು ಅಂತರ್ಜಾಲ ದೂರವಾಣಿ ಸಂಸ್ಥೆಗಳನ್ನೂ ಸಂಖ್ಯಾ ವರ್ಗಾವಣೆಯ ನಿಯಮಕ್ಕೆ ಒಳಪಡಿಸಿತು.

ವರ್ತಕರು ಮಾಡಬೇಕಾದದ್ದೇನು?

ಮೊದಲನೆಯದಾಗಿ, ಬಿಲ್ಲಿನ ಮೇಲೆ ಅಚ್ಚಾಗುವ ಮುಖ್ಯ ಸಂಖ್ಯೆಯು ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾದ ಮೊಬೈಲ್ ಸಂಖ್ಯೆಯಾಗಿರಲಿ. ಅದು ನೌಕರರ ಹೆಸರಿನಲ್ಲಾಗಲಿ ಏಜೆಂಟರ ಹೆಸರಿನಲ್ಲಾಗಲಿ ಇರಕೂಡದು. ಅದಕ್ಕೆ ಬಂದ ಕರೆಗಳನ್ನು ಅಂತರ್ಜಾಲ ದೂರವಾಣಿಗೆ ತಿರುಗಿಸಿಕೊಂಡರೆ ಸೇವಾದಾತರು ಬದಲಾದರೂ ಗಿರಾಕಿಗೆ ತಿಳಿಯುವುದೇ ಇಲ್ಲ.

ಎರಡನೆಯದಾಗಿ, ಕರಾರಿಗೆ ಸಹಿ ಹಾಕುವ ಮುನ್ನ ಸೇವಾದಾತರ ಬಳಿ ಪರವಾನಗಿ ಇದೆಯೇ, ಸಂಖ್ಯೆ ಯಾರ ಹೆಸರಿನಲ್ಲಿದೆ, ಬಿಡುವಾಗ ಎಷ್ಟು ದಿನಗಳ ನೋಟೀಸು ಕೊಡಬೇಕು ಎಂಬುದನ್ನು ಲಿಖಿತವಾಗಿ ಪಡೆಯಬೇಕು. ಅಂತಾರಾಷ್ಟ್ರೀಯ ಕರೆಗಳನ್ನು ಸ್ಥಳೀಯ ಕರೆಗಳಂತೆ ತಿರುಗಿಸುತ್ತಿದ್ದ ಅಕ್ರಮ ಎಕ್ಸ್‌ಚೇಂಜ್ 2021ರಲ್ಲಿ ಬೆಂಗಳೂರಿನಲ್ಲಿಯೇ ಪತ್ತೆಯಾಗಿರುವುದರಿಂದ ಪರವಾನಗಿಯ ವಿಚಾರದಲ್ಲಿ ಉದಾಸೀನ ಸಲ್ಲದು. ವರ್ಷದ ಮುಂಗಡಕ್ಕೆ ದೊರೆಯುವ ರಿಯಾಯಿತಿಗೆ ಮರುಳಾಗುವುದಕ್ಕಿಂತ ತಿಂಗಳ ಲೆಕ್ಕದಲ್ಲಿ ಪಾವತಿಸುವುದು ಕ್ಷೇಮ.

ಮೂರನೆಯದಾಗಿ, ಹಳೆಯ ಮತ್ತು ಹೊಸ ಸೇವೆಗಳೆರಡೂ ಕನಿಷ್ಠ ಒಂದು ತಿಂಗಳು ಜೊತೆಯಾಗಿ ನಡೆಯಬೇಕು. ಒಂದು ತಿಂಗಳ ಎರಡು ಬಾಡಿಗೆಯು ಕೈತಪ್ಪಿದ ಒಂದು ಆರ್ಡರಿಗಿಂತ ಅಗ್ಗ. ಈ ಅವಧಿಯಲ್ಲಿಯೇ ಕರೆಗಳ ದಾಖಲೆಯನ್ನು ಪಡೆದುಕೊಂಡು ಬ್ಯಾಂಕು, ತೆರಿಗೆ ಇಲಾಖೆ ಹಾಗೂ ಸಾರಿಗೆ ಏಜೆನ್ಸಿಗಳಲ್ಲಿ ಸಂಖ್ಯೆಯನ್ನು ತಿದ್ದಿಸಬೇಕು. ಸ್ಥಗಿತಗೊಂಡ ಮೊಬೈಲ್ ಸಂಖ್ಯೆಯು 90 ದಿನಗಳ ಬಳಿಕ ಬೇರೊಬ್ಬರ ಪಾಲಾಗಬಹುದೆಂಬುದನ್ನು ಮರೆಯಬಾರದು.

ಸಂಘಟಿತ ಬೇಡಿಕೆ ಅಗತ್ಯ

ಇವೆಲ್ಲ ವೈಯಕ್ತಿಕ ಎಚ್ಚರಿಕೆಗಳಾದವು. ಮೂಲ ಕೊರತೆ ನೀಗಬೇಕಾದರೆ ಸ್ಥಿರ ದೂರವಾಣಿ ಹಾಗೂ ಅಂತರ್ಜಾಲ ದೂರವಾಣಿಯ ಸಂಖ್ಯೆಗಳಿಗೂ ವರ್ಗಾವಣೆಯ ಹಕ್ಕು ದೊರೆಯಬೇಕು. ಸಾಮಾನ್ಯ ಮೊಬೈಲ್ ಗ್ರಾಹಕನಿಗೆ ಒಂದು ಕಿರುಸಂದೇಶದಿಂದ ಆರಂಭವಾಗುವ ಸೌಲಭ್ಯವು ತೆರಿಗೆ ಕಟ್ಟುವ, ಉದ್ಯೋಗ ನೀಡುವ ಕಿರು ಕೈಗಾರಿಕೆಯ ಕಚೇರಿ ದೂರವಾಣಿಗೆ ಇಲ್ಲವೆಂಬುದು ನ್ಯಾಯವೆನಿಸದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಮುಂದೆ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು ಒಕ್ಕೊರಲಿನಿಂದ ಈ ಬೇಡಿಕೆಯನ್ನು ಮಂಡಿಸುವುದು ಉಚಿತ. ಸಂಖ್ಯೆಗಳು ರಾಷ್ಟ್ರದ ಸಂಪನ್ಮೂಲವಿರಬಹುದು. ಆದರೆ ಒಂದು ಸಂಖ್ಯೆಗೆ ಬೆಲೆ ಬರುವುದು ಅದನ್ನು ಬಳಸಿ ವಿಶ್ವಾಸ ಗಳಿಸಿದ ವರ್ತಕನ ದುಡಿಮೆಯಿಂದ. ಅದು ಸೇವಾದಾತರ ಕೈಯ ಒತ್ತೆಯಾಗಬಾರದು.