ಚಿಮಣಿಯ ಬೂದಿ ಯಾರ ಖಾತೆಗೆ?

ಬಾಯ್ಲರ್ ಪ್ರದೀಪನದ ಪೂಜೆ ಮುಗಿದು ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸಾಕು, ಸಕ್ಕರೆ ಕಾರ್ಖಾನೆಗಳ ಮಗ್ಗುಲಿಗಿರುವ ಊರುಗಳ ಅಂಗಡಿಕಾರರಿಗೆ ಒಂದು ಹೊಸ ಕೆಲಸ ಹತ್ತಿಕೊಳ್ಳುತ್ತದೆ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ದೇವರಿಗೆ ಊದಿನಕಡ್ಡಿ ಹಚ್ಚುವ ಮೊದಲೇ ತಕ್ಕಡಿ ಒರೆಸಬೇಕು, ಗಲ್ಲೆ ಒರೆಸಬೇಕು, ಬಿಸ್ಕೀಟಿನ ಡಬ್ಬಿ ಒರೆಸಬೇಕು. ಮಾಳಿಗೆ ಮೇಲೆ ಒಣಹಾಕಿದ ಬಿಳಿ ಧೋತರದ ಮೇಲೆ ಕರಿ ಚುಕ್ಕಿ. ಸಂಡಿಗೆ ಒಣಗಿಸುವ ಹೆಣ್ಣುಮಕ್ಕಳು ಗಾಳಿ ಯಾವ ದಿಕ್ಕಿನಿಂದ ಬರುತ್ತದೆಂದು ಮೊದಲು ಮುಖ ಎತ್ತಿ ನೋಡಿಯೇ ಹಾಸಿಗೆ ಹಾಸುತ್ತಾರೆ. ಅಂಕಲಿ, ಮಾಂಜರಿ ದಾಟಿ ಕಾಗವಾಡಕ್ಕೆ ಹೋಗುವ ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತವನ ಕಣ್ಣಲ್ಲಿ ಏನೋ ಹೊಕ್ಕರೆ ಯಾರೂ ಏನೆಂದು ಕೇಳುವುದಿಲ್ಲ. 'ಬೂದಿ ಚಾಲೂ ಆತು' ಎಂದರೆ ಕ್ಯಾಲೆಂಡರ್ ನೋಡುವ ಜರೂರಿಯೇ ಇಲ್ಲ, ಹಂಗಾಮು ಬಂತು ಅಂತಲೇ ಅರ್ಥ.

ಈ ಬೂದಿಯನ್ನು ಯಾರೂ ಯಾರ ಖಾತೆಗೂ ಬರೆದಿಲ್ಲ. ಅದೇ ಇಲ್ಲಿಯ ತಕರಾರು.

ಬೆಳಗಾವಿ ಜಿಲ್ಲೆಯಲ್ಲಿ ಇಪ್ಪತ್ತೈದಕ್ಕೂ ಮಿಕ್ಕಿ ಸಕ್ಕರೆ ಕಾರ್ಖಾನೆಗಳಿವೆ. ಅದರಲ್ಲಿ ದೊಡ್ಡ ಪಾಲು ಕೃಷ್ಣಾ, ದೂಧಗಂಗಾ ದಂಡೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯದು. ಉಗಾರ ಖುರ್ದದಲ್ಲಿ 1939ರಲ್ಲೇ ಕಾರ್ಖಾನೆ ಬಂತು. ಆಮೇಲೆ ಸಹಕಾರಿ ರಂಗದವು ಬಂದವು, ಖಾಸಗಿಯವು ಬಂದವು. ಕಬ್ಬು ಈ ಭಾಗಕ್ಕೆ ಮಾಳಿಗೆ ಮನೆ ಕೊಟ್ಟಿದೆ, ಟ್ರ್ಯಾಕ್ಟರ್ ಕೊಟ್ಟಿದೆ, ಮಕ್ಕಳನ್ನು ಇಂಜಿನಿಯರ್ ಮಾಡಿದೆ. ಅಂಗಡಿಯವರ ಉದ್ರಿ ವಹಿ ಚುಕ್ತಾ ಆಗುವುದೂ ಕಬ್ಬಿನ ಬಿಲ್ಲು ಬಂದ ಮೇಲೆಯೇ. ಆದ್ದರಿಂದ ಬೂದಿಯ ಬಗ್ಗೆ ಬಾಯಿ ಬಿಡಲು ಮಂದಿ ಹಿಂಜರಿಯುತ್ತಾರೆ. ಅನ್ನ ಕೊಡುವ ಚಿಮಣಿ ಎಂಬ ದಾಕ್ಷಿಣ್ಯ!

ದಾಕ್ಷಿಣ್ಯ ಇರಲಿ, ಲೆಕ್ಕವೂ ಇರಲಿ.

ಒಂದು ಟನ್ ಕಬ್ಬು ಅರೆದರೆ ಸುಮಾರು 280 ರಿಂದ 300 ಕಿಲೋ ಸಿಪ್ಪೆ, ಕಾರ್ಖಾನೆಯವರ ಮಾತಿನಲ್ಲಿ ಬಗಾಸ್, ಉಳಿಯುತ್ತದೆ. ಅದರಲ್ಲಿ ಅರ್ಧ ನೀರೇ. ಆ ಹಸಿ ಸಿಪ್ಪೆಯನ್ನೇ ಬಾಯ್ಲರಿಗೆ ಹಾಕಿ ಉಗಿ ಎಬ್ಬಿಸುತ್ತಾರೆ, ಉಗಿಯಿಂದ ಗಾಣ ತಿರುಗುತ್ತದೆ, ಕರೆಂಟೂ ಆಗುತ್ತದೆ. ದಿನಕ್ಕೆ 5000 ಟನ್ ಅರೆಯುವ ಒಂದು ಕಾರ್ಖಾನೆ ಎಂದು ಹಿಡಿಯಿರಿ. ಸಿಪ್ಪೆ 1400 ಟನ್. ಒಂದು ಕಿಲೋ ಸಿಪ್ಪೆ ಉರಿದರೆ ಅಂದಾಜು 4 ಘನ ಮೀಟರ್ ಹೊಗೆ ಏಳುತ್ತದೆ. ಈಗಿನ ಸರಕಾರಿ ಮಿತಿಯ ಪ್ರಕಾರ ಒಂದು ಘನ ಮೀಟರ್ ಹೊಗೆಯಲ್ಲಿ 150 ಮಿಲಿಗ್ರಾಂ ತನಕ ಧೂಳು ಇರಬಹುದು. ಗುಣಾಕಾರ ಮಾಡಿದರೆ ದಿನಕ್ಕೆ 8 ಕ್ವಿಂಟಲ್ ಮೇಲೆ ಬರುತ್ತದೆ. ಇದು ಕಾನೂನಿನ ಒಳಗೇ ಇರುವ, ಯಾವ ತಪ್ಪೂ ಮಾಡದ ಕಾರ್ಖಾನೆಯ ಲೆಕ್ಕ!

ಈ 150ರ ಮಿತಿ ಬಂದದ್ದು 2016ರ ಜನವರಿಯ ಕೇಂದ್ರ ಅಧಿಸೂಚನೆಯಿಂದ. ಅದಕ್ಕೂ ಮೊದಲು ಒಲೆಯ ಜಾತಿ ನೋಡಿ ಮಿತಿ ಇತ್ತು. ಮೆಟ್ಟಿಲು ಜಾಳಿಗೆಯ ಒಲೆಗೆ 250, ಕುದುರೆ ಲಾಳದ ಆಕಾರದ್ದಕ್ಕೆ 500, ಸಿಪ್ಪೆಯನ್ನು ಎರಚಿ ಉರಿಸುವ ಒಲೆಗೆ 800. ಅದೇ 5000 ಟನ್ನಿನ ಕಾರ್ಖಾನೆಗೆ 800ರ ಲೆಕ್ಕ ಹಾಕಿದರೆ ದಿನಕ್ಕೆ ನಾಲ್ಕೂವರೆ ಟನ್ ಹತ್ತಿರ ಹೋಗುತ್ತದೆ. ಒಂದು ಸಣ್ಣ ಲಾರಿ ತುಂಬ ಬೂದಿಯನ್ನು ದಿನಾ ಊರ ಮೇಲೆ ಸುರುವಿದರೂ ಕಾಗದದಲ್ಲಿ ಎಲ್ಲ ಸರಿ ಇದ್ದ ಕಾಲ ಅದು. ಮಿತಿ ಬಿಗಿಯಾದದ್ದು ಒಳ್ಳೆಯದೇ. ಆದರೆ ಮಿತಿಯನ್ನು ಬಿಗಿ ಮಾಡುವುದು ಒಂದು ಅಧಿಸೂಚನೆಯ ಕೆಲಸ, ಹೊಗೆ ಸೋಸುವುದು ರೊಕ್ಕದ ಕೆಲಸ.

ಹೊಗೆ ಸೋಸುವ ವ್ಯಾಪಾರ

ಹೊಗೆ ಸೋಸುವ ಯಂತ್ರಗಳದ್ದೇ ಒಂದು ದೊಡ್ಡ ಬಜಾರು ಇದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಪುಣೆ ಮುಟ್ಟಿದರೆ ಥರ್ಮ್ಯಾಕ್ಸ್‌ನಂಥ ಕಂಪನಿಗಳು ಬಾಯ್ಲರನ್ನೂ ಮಾಡುತ್ತವೆ, ಅದರ ಹೊಗೆ ಸೋಸುವುದನ್ನೂ ಮಾಡುತ್ತವೆ. ತಮಿಳುನಾಡಿನ ರಾಣಿಪೇಟೆಯಲ್ಲಿ ಸರಕಾರಿ ಬಿಎಚ್‌ಇಎಲ್ ಕಾರ್ಖಾನೆ ದೊಡ್ಡ ದೊಡ್ಡ ವಿದ್ಯುತ್ ಸ್ಥಾವರಗಳಿಗೆ ಧೂಳು ಹಿಡಿಯುವ ಯಂತ್ರ ಕಟ್ಟಿಕೊಡುತ್ತದೆ.

ಸರಕು ಮೂರು ತರದ್ದು. ಅಗ್ಗದ್ದು ನೀರಿನದು. ಹೊಗೆಗೆ ನೀರಿನ ತುಂತುರು ಹೊಡೆದರೆ ಬೂದಿ ತೊಯ್ದು ಕೆಳಗೆ ಬೀಳುತ್ತದೆ. ಸಿಪ್ಪೆಯ ಹೊಗೆಯಲ್ಲಿ ಕಿಡಿ ಬರುತ್ತದೆ, ನೀರಿಗೆ ಕಿಡಿಯ ಹೆದರಿಕೆ ಇಲ್ಲ, ಆದ್ದರಿಂದ ಸಕ್ಕರೆ ಕಾರ್ಖಾನೆಗಳಿಗೆ ಇದು ಪ್ರೀತಿ. ಆದರೆ ಬಹಳ ಸಣ್ಣ ಧೂಳು, ಅಂದರೆ ಪುಪ್ಪುಸದ ತಳ ಮುಟ್ಟುವಂಥದ್ದು, ಹನಿಗಳ ನಡುವೆ ಜಾರಿಕೊಂಡು ಹೋಗುತ್ತದೆ. ಮೇಲಾಗಿ ಬೂದಿ ಕಲಸಿದ ನೀರು ಉಳಿಯುತ್ತದೆ. ಅದನ್ನು ತಂಗಿಸಿ ತಿರುಗಿ ಬಳಸದಿದ್ದರೆ ಚಿಮಣಿಯ ಪಾಪ ಹಳ್ಳಕ್ಕೆ ಇಳಿದಂತೆ. ಇನ್ನೊಂದು ಮೋಸವೂ ಇದೆ. ನೀರು ಹೊಡೆದ ಚಿಮಣಿಯಿಂದ ಬೆಳ್ಳಗೆ ಉಗಿ ಏಳುತ್ತದೆ. 'ಹೊಗೆ ಬೆಳ್ಳಗೈತಿ, ಅಂದ್ರ ಚಲೋ ಐತಿ' ಎಂದುಕೊಳ್ಳುವುದು ಸಹಜ. ಬಿಳುಪು ಉಗಿಯದು, ಅದರ ಹೊಟ್ಟೆಯಲ್ಲಿ ಧೂಳು ಎಷ್ಟಿದೆ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ.

ಎರಡನೆಯದು ಕರೆಂಟಿನದು, ಇಎಸ್‌ಪಿ ಎನ್ನುತ್ತಾರೆ. ಹತ್ತಾರು ಸಾವಿರ ವೋಲ್ಟಿನ ತಂತಿಗಳ ನಡುವೆ ಹೊಗೆ ಹಾಯಿಸಿದರೆ ಧೂಳಿನ ಕಣಕ್ಕೆ ವಿದ್ಯುತ್ ಹತ್ತಿ ಅದು ತಗಡಿಗೆ ಅಂಟುತ್ತದೆ. ತಗಡು ಬಡಿದರೆ ಕೆಳಗೆ ಉದುರುತ್ತದೆ. ಅಮೆರಿಕದ ಕಾಟ್ರೆಲ್ ಎಂಬವರು ಇದನ್ನು ಬಳಕೆಗೆ ತಂದು ನೂರು ವರ್ಷದ ಮೇಲಾಯಿತು. ಸರಿಯಾಗಿ ನಡೆಸಿದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಧೂಳು ಹಿಡಿಯುತ್ತದೆ. ಸರಿಯಾಗಿ ನಡೆಸಿದರೆ!

ಮೂರನೆಯದು ಬಟ್ಟೆಯ ಚೀಲ. ಚಹಾ ಸೋಸಿದ ಹಾಗೆಯೇ, ಆದರೆ ಒಂದು ಗಮ್ಮತ್ತಿದೆ. ಹೊಸ ಬಟ್ಟೆ ಅಷ್ಟು ಚೆಂದ ಸೋಸುವುದಿಲ್ಲ. ಬಟ್ಟೆಯ ಮೇಲೆ ಧೂಳಿನದೇ ಒಂದು ಪದರು ಕೂತ ಮೇಲೆ ಆ ಪದರೇ ಉಳಿದ ಧೂಳನ್ನು ಸೋಸುತ್ತದೆ. ಪದರು ದಪ್ಪವಾದಾಗ ಗಾಳಿ ಊದಿ ಉದುರಿಸಬೇಕು. ತೊಂದರೆ ಕಾವಿನದು. ಪಾಲಿಯೆಸ್ಟರ್ ಬಟ್ಟೆ 150 ಡಿಗ್ರಿ ದಾಟಿದರೆ ಬಾಳುವುದಿಲ್ಲ. ಅರಮಿಡ್ ನಾರು 200 ಡಿಗ್ರಿ ತನಕ, ಗಾಜಿನ ನಾರು 260ರ ತನಕ ತಡೆಯುತ್ತವೆ. ಅದಕ್ಕೂ ಬಹಳ ಮೇಲಿನ ಕಾವಿಗೆ ಪಿಂಗಾಣಿಯ ಕೊಳವೆಗಳೇ ಬೇಕು. ಕಾವು ತಡೆದಷ್ಟೂ ದರ ಏರುತ್ತದೆ. ಸಿಪ್ಪೆಯ ಒಂದು ಕಿಡಿ ಬಡಿದರೆ ಮಾತ್ರ ಬಟ್ಟೆಯ ಚೀಲಕ್ಕೆ ತೂತು. ಆದಕಾರಣ ಕಿಡಿಯನ್ನು ಮೊದಲೇ ಹಿಡಿಯುವ ಏರ್ಪಾಡು ಇಲ್ಲದೆ ಚೀಲ ಹಾಕುವವರಿಗೆ ಧೈರ್ಯ ಬೇಕು.

ಕೊಳ್ಳುವ ಖರ್ಚು ಒಂದು ಸಲದ್ದು. ಗೋಳು ಇರುವುದು ನಡೆಸುವ ಖರ್ಚಿನಲ್ಲಿ. ಹೊಗೆಯನ್ನು ಚೀಲದೊಳಗಿಂದ ಎಳೆಯಲು ದೊಡ್ಡ ಫ್ಯಾನು ಬೇಕು, ಫ್ಯಾನಿಗೆ ಕರೆಂಟು ಬೇಕು. ಇಎಸ್‌ಪಿಗೂ ಕರೆಂಟು ಬೇಕು. ಕರೆಂಟ್ ಮಾರಿ ರೊಕ್ಕ ಮಾಡುವ ಕಾರ್ಖಾನೆಗೆ ಫಿಲ್ಟರು ತಿನ್ನುವ ಪ್ರತಿ ಯೂನಿಟ್ಟೂ ಲುಕ್ಸಾನಿನಂತೆ ಕಾಣುತ್ತದೆ. ಹಗಲು ತಿರುಗುವ ಫ್ಯಾನು ರಾತ್ರಿಯೂ ತಿರುಗುತ್ತದೋ ಇಲ್ಲವೋ ಎಂಬ ಸಂಶಯ ಊರವರಿಗೆ ಬರುವುದು ಇಲ್ಲಿಯೇ. ಸಂಶಯ ಸುಳ್ಳಿದ್ದರೆ ಅದನ್ನು ಸುಳ್ಳೆಂದು ತೋರಿಸುವುದು ಬಹಳ ಸುಲಭ. ಅದರ ಮಾತು ಮುಂದೆ ಬರುತ್ತದೆ.

ಈ ಬಜಾರಿನ ಇನ್ನೊಂದು ಗುಣ ಎಂದರೆ ಗಿರಾಕಿ ತಾನಾಗಿ ಬರುವುದಿಲ್ಲ, ನೋಟೀಸು ಬಂದ ಮೇಲೆ ಬರುತ್ತಾನೆ. ಸರಕಾರ ಗಟ್ಟಿ ನಿಂತರೆ ಮಾಲು ಹೋಗುತ್ತದೆ, ಸಡಿಲಾದರೆ ಗೋದಾಮಿನಲ್ಲಿ ಕೂರುತ್ತದೆ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಕಥೆ ನೋಡಿರಿ. ಹೊಗೆಯಿಂದ ಗಂಧಕ ತೆಗೆಯುವ ಯಂತ್ರ ಹಾಕಬೇಕೆಂದು 2015ರಲ್ಲಿ ನಿಯಮ ಬಂತು. ಗಡುವು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಮೊದಲೇ ಹಾಕಿಸಿದವನು ಪೆದ್ದ, ತಡ ಮಾಡಿದವನು ಜಾಣ! ಈ ಪಾಠವನ್ನು ಸಕ್ಕರೆಯವರೂ ಓದಿಕೊಂಡಿರಲಾರರೆ?

ಹಿಡಿದ ಬೂದಿಗೆ ದರ, ಬಿಟ್ಟ ಬೂದಿಗೆ?

ಸ್ವಾರಸ್ಯದ ಸಂಗತಿ ಡಿಸ್ಟಿಲರಿಯದು. ಇಥೆನಾಲ್ ಮಾಡಿದ ಮೇಲೆ ಉಳಿಯುವ ಕರಿ ನೀರನ್ನು ಗಟ್ಟಿ ಮಾಡಿ ಬೇರೆ ಬಾಯ್ಲರಿನಲ್ಲಿ ಸುಡುತ್ತಾರೆ. ಅದರ ಬೂದಿಯಲ್ಲಿ ಪೊಟ್ಯಾಶ್ ಇದೆ. ಕೇಂದ್ರ ಸರಕಾರ 2021ರಲ್ಲಿ ಕಾಕಂಬಿಯ ಈ ಪೊಟ್ಯಾಶನ್ನು ಗೊಬ್ಬರದ ಸಬ್ಸಿಡಿ ಯೋಜನೆಗೆ ಸೇರಿಸಿತು. 14.5 ಪ್ರತಿಶತ ಪೊಟ್ಯಾಶ್ ಇರುವ ಮಾಲಿಗೆ ಟನ್ನಿಗೆ 4263 ರೂಪಾಯಿ ಎಂದು ಸಕ್ಕರೆ ಕಾರ್ಖಾನೆ ಮತ್ತು ಗೊಬ್ಬರ ಕಂಪನಿಗಳ ನಡುವೆ ಒಪ್ಪಿದ ದರವನ್ನು 2024ರ ಜನವರಿಯಲ್ಲಿ ಸರಕಾರ ಪ್ರಕಟಿಸಿತು. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ರಸ್ತೆಯ ಮೇಲೆ ಕೂತು ಕಬ್ಬಿಗೆ ಪಡೆದ ದರ 3300. ಅಂದರೆ ಕಬ್ಬಿಗಿಂತ ಬೂದಿ ತುಟ್ಟಿ!

ತಮಾಷೆ ಬಿಟ್ಟರೆ ಇದರಲ್ಲೊಂದು ದಾರಿ ಕಾಣುತ್ತದೆ. ಬೂದಿಗೆ ದರ ಬಂದ ಕೂಡಲೇ ಅದನ್ನು ಹಿಡಿಯುವ ಮನಸ್ಸೂ ಬರುತ್ತದೆ. ದರ ಇಲ್ಲದ ಸಿಪ್ಪೆಯ ಬೂದಿ ಮಾತ್ರ ಮಾಳಿಗೆಯ ಧೋತರದ ಮೇಲೆ, ದ್ರಾಕ್ಷಿ ಎಲೆಯ ಮೇಲೆ, ಶಾಲೆಯ ಬೋರಿಂಗ್ ಪಂಪಿನ ಮೇಲೆ ಬೀಳುತ್ತದೆ. ಡಿಸ್ಟಿಲರಿಗಳಿಂದಾಗಿ ಇನ್ನೊಂದು ಬದಲಾವಣೆಯೂ ಆಗಿದೆ. ಮೊದಲು ಗಾಣ ನಿಂತರೆ ಹೊಗೆಯೂ ನಿಲ್ಲುತ್ತಿತ್ತು, ಮುಂದಿನ ಹಂಗಾಮಿನ ತನಕ ಉಸಿರಾಡಲು ಬಿಡುವಿರುತ್ತಿತ್ತು. ಈಗ ಕಬ್ಬು ಮುಗಿದ ಮೇಲೂ ಇಥೆನಾಲ್ ಬಾಯ್ಲರು ಉರಿಯುವ ಕಡೆ ಆ ಬಿಡುವು ಕರಗುತ್ತಿದೆ.

ಧೂಳಿನ ವಿಷಯದಲ್ಲಿ ನಿಪ್ಪಾಣಿಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. ತಂಬಾಕಿನ ವಖಾರಗಳಲ್ಲಿ ಮೂಗಿಗೆ ಸೀರೆಯ ಸೆರಗು ಕಟ್ಟಿಕೊಂಡು ದುಡಿದ ಹೆಣ್ಣುಮಕ್ಕಳು ಸಂಘ ಕಟ್ಟಿ ನಿಂತ ಕಥೆಯನ್ನು ಯುಗಾಂತರ್ ತಂಡದವರು 1982ರಲ್ಲಿ 'ತಂಬಾಕೂ ಚಾಕಿಲಾ ಊಬ್ ಆಲಿ' ಎಂಬ ಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ. ಆಗ ಧೂಳು ನಾಲ್ಕು ಗೋಡೆಯ ಒಳಗಿತ್ತು, ನುಂಗುವವರು ಯಾರೆಂದು ಗೊತ್ತಿತ್ತು, ಅವರು ಒಂದಾದರು. ಚಿಮಣಿಯ ಧೂಳು ಹತ್ತು ಊರಿಗೆ ಹಂಚಿಹೋಗುತ್ತದೆ. ಹಂಚಿಹೋದ ನೋವಿಗೆ ಸಂಘ ಕಟ್ಟುವವರು ಯಾರು?

ಸರಕಾರದ ಕಣ್ಣೂ ಈ ಕಡೆಗೆ ಕಡಿಮೆ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಕಬ್ಬಿನ ಸೀಮೆಯ ಒಂದು ಊರೂ ಇಲ್ಲ. ಗಾಳಿ ಕೆಡುವುದು ಶಹರದಲ್ಲಿ ಮಾತ್ರ ಎಂಬ ನಂಬಿಕೆ ದಿಲ್ಲಿಯಿಂದ ಬೆಂಗಳೂರಿನ ತನಕ ಗಟ್ಟಿಯಾಗಿ ಕೂತಿದೆ. 1981ರ ವಾಯು ಕಾಯ್ದೆ ಇದೆ. ಆದರೆ 2024ರ ಏಪ್ರಿಲಿನಿಂದ ಅದರ ಹೆಚ್ಚಿನ ತಪ್ಪುಗಳಿಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿ ತನಕ ದಂಡ. ಕೋಟಿಗಟ್ಟಲೆ ವಹಿವಾಟು ಇರುವವರಿಗೆ 15 ಲಕ್ಷವೆಂದರೆ ಖರ್ಚಿನ ಇನ್ನೊಂದು ಬಾಬ್ತು, ಅಷ್ಟೇ.

ಹಾಗಾದರೆ ಮಾಡುವುದೇನು? ಕಾರ್ಖಾನೆ ಮುಚ್ಚಿರಿ ಎಂದು ಈ ಸೀಮೆಯಲ್ಲಿ ಬುದ್ಧಿ ನೆಟ್ಟಗಿದ್ದವರು ಯಾರೂ ಹೇಳುವುದಿಲ್ಲ. ಕೇಳಬೇಕಾದದ್ದು ಸಣ್ಣದು. ಸಕ್ಕರೆ ಮತ್ತು ಡಿಸ್ಟಿಲರಿ ಸೇರಿ ಹದಿನೇಳು ತರದ ಉದ್ದಿಮೆಗಳ ಹೊಗೆ, ನೀರಿನ ಅಂಕಿಯನ್ನು ದಿನವಿಡೀ ಅಳೆಯುವ ಮೀಟರು ಹಾಕಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಆದೇಶ ಮಾಡಿದೆ. ಆ ಅಂಕಿ ಮಂಡಳಿಯ ಕಂಪ್ಯೂಟರಿಗೆ ಹೋಗುತ್ತದೆ. ಅದೇ ಅಂಕಿಯನ್ನು ಕಾರ್ಖಾನೆಯ ಗೇಟಿನ ಮುಂದೆಯೂ ಹತ್ತಿರದ ಬಸ್ ಸ್ಟ್ಯಾಂಡಿನಲ್ಲಿಯೂ ಕನ್ನಡದಲ್ಲಿ, ಓಡುವ ಬಸ್ಸಿನಿಂದ ಓದುವಷ್ಟು ದೊಡ್ಡ ಅಕ್ಷರದಲ್ಲಿ ತೋರಿಸಲು ಎಷ್ಟು ಖರ್ಚು ಬಂದೀತು? ಬಂಗಾರದ ಅಂಗಡಿಯವರು ದಿನಾ ದರ ಬರೆದು ಹಾಕುವುದಿಲ್ಲವೇ? ರಾತ್ರಿ ಎರಡು ಗಂಟೆಯ ಅಂಕಿಯೂ ಅಲ್ಲಿ ಕಂಡರೆ ಫ್ಯಾನಿನ ಮೇಲಿನ ಸಂಶಯ ತಾನಾಗಿ ಹೋಗುತ್ತದೆ, ಇಲ್ಲವೇ ಖರೆ ಆಗುತ್ತದೆ.

'ಫಿಲ್ಟರಿಗೆ ರೊಕ್ಕ ಹಾಕಿದರ ಕಬ್ಬಿನ ದರ ಕಮ್ಮಿ ಆಗತೈತಿ' ಎಂಬ ಮಾತು ಬಂದೇ ಬರುತ್ತದೆ. ಬರಲಿ. ಟನ್ನಿಗೆ ಎಷ್ಟು ಕಮ್ಮಿ ಎಂದು ಕಾಗದದ ಮೇಲೆ ತೋರಿಸಲಿ. ಸಹಕಾರಿ ಕಾರ್ಖಾನೆಗಳಲ್ಲಿ ಮಾಲಿಕರು ಶೇರುದಾರ ರೈತರೇ, ಅವರ ಮೊಮ್ಮಕ್ಕಳೇ ಆ ಚಿಮಣಿಯ ಕೆಳಗಿನ ಶಾಲೆಗೆ ಹೋಗುವವರು. ದರ ಬೇಕೋ, ಗಾಳಿ ಬೇಕೋ, ಎರಡರಲ್ಲೂ ಸ್ವಲ್ಪ ಸ್ವಲ್ಪ ಬೇಕೋ ಎಂದು ಅವರೇ ಹೇಳಲಿ. ಸೆಪ್ಟೆಂಬರಿನಲ್ಲಿ ವಾರ್ಷಿಕ ಸರ್ವಸಾಧಾರಣ ಸಭೆಗಳು ನಡೆಯುತ್ತವೆ. ನೋಟೀಸಿನ ಕಟ್ಟಕಡೆಗೆ 'ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು' ಎಂಬ ಒಂದು ಸಾಲು ಇರುತ್ತದೆ. ಅದು ಬರುವ ಹೊತ್ತಿಗೆ ಪೆಂಡಾಲಿನ ಹಿಂದೆ ಊಟದ ತಾಟು ಸಪ್ಪಳ ಶುರುವಾಗಿ ಅರ್ಧ ಸಭೆ ಎದ್ದು ಹೋಗಿರುತ್ತದೆ. ಬೂದಿಯ ಪ್ರಶ್ನೆ ಎತ್ತುವವರು ಮುಂಜಾನೆಯೇ ಚೀಟಿ ಬರೆದು ಕೊಡುವುದು ಚಲೋ.