ಅಂಗಡಿಯಲ್ಲಿ ಸಿಗದ ಉತ್ತರ

ಎಂಜಿನಿಯರಿಂಗ್ ಓದುತ್ತಿರುವ ನೆರೆಮನೆಯ ಹುಡುಗಿ ಈಚೆಗೆ ತನ್ನ ಉತ್ತರಪತ್ರಿಕೆಯೊಂದನ್ನು ತೋರಿಸಿದಳು. ಆದರ್ಶ ಆಪರೇಷನಲ್ ಆಂಪ್ಲಿಫೈಯರ್ ಬಳಸಿ ಸಂಕೇತವನ್ನು 25 ಪಟ್ಟು ಹಿಗ್ಗಿಸಿ ತಲೆಕೆಳಗಾಗಿಸುವ ಮಂಡಲಕ್ಕೆ ರೆಸಿಸ್ಟರ್‌ಗಳ ಮೌಲ್ಯ ಕಂಡುಹಿಡಿಯಬೇಕಿತ್ತು. 'ಆದರ್ಶ' ಎಂದರೆ ಎರಡು ಕಲ್ಪನೆಗಳು: ಅದರ ಒಳದ್ವಾರಗಳಿಗೆ ವಿದ್ಯುತ್ ಹರಿಯದು, ಫೀಡ್‌ಬ್ಯಾಕ್ ಇದ್ದಾಗ ಎರಡೂ ದ್ವಾರಗಳ ವೋಲ್ಟೇಜ್ ಸಮ. ಇಷ್ಟನ್ನು ಒಪ್ಪಿದರೆ ಲೆಕ್ಕ ಒಂದೇ ಸಾಲು. ಫೀಡ್‌ಬ್ಯಾಕ್ ರೆಸಿಸ್ಟರನ್ನು ಒಳಬದಿಯ ರೆಸಿಸ್ಟರಿನಿಂದ ಭಾಗಿಸಿದರೆ 25 ಬರಬೇಕು. 'ಒಳಬದಿಯದು 10 ಕಿಲೋ ಓಮ್ ಆಗಿರಲಿ' ಎಂದು ಬರೆದು ಆಕೆ 250 ಕಿಲೋ ಓಮ್ ಎಂಬ ಉತ್ತರ ತಲುಪಿದ್ದಳು. ಪೂರ್ಣ ಅಂಕ ಬಂದಿತ್ತು.

'ಹತ್ತೇ ಏಕಮ್ಮ?' ಎಂದೆ. 'ಎಲ್ಲರೂ ಹಾಗೇ ಬರೀತಾರೆ ಅಂಕಲ್' ಎಂದಳು.

ಅರ್ಥಶಾಸ್ತ್ರ ಓದಿದ ನನಗೆ ಆದರ್ಶ ಕಲ್ಪನೆಗಳ ಬಗ್ಗೆ ತಕರಾರಿಲ್ಲ. ನಾವೂ ಪರಿಪೂರ್ಣ ಪೈಪೋಟಿಯಿಂದಲೇ ಪಾಠ ಆರಂಭಿಸಿದವರು. ತಕರಾರಿರುವುದು ಪಾಠ ಅಲ್ಲಿಯೇ ಮುಗಿಯುವುದರ ಬಗ್ಗೆ. ಇಲ್ಲಿ ಅವ್ಯಕ್ತಗಳು ಎರಡು, ಸಮೀಕರಣ ಒಂದು. 10 ಓಮ್, 250 ಓಮ್ ಜೋಡಿಯೂ ಅದಕ್ಕೆ ಒಪ್ಪುತ್ತದೆ. 4 ಲಕ್ಷ, 1 ಕೋಟಿ ಓಮ್ ಜೋಡಿಯೂ ಒಪ್ಪುತ್ತದೆ. ಆದರೆ 1968ರಲ್ಲಿ ಫೇರ್‌ಚೈಲ್ಡ್ ಕಂಪನಿ ಹೊರತಂದ, ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿರುವ 741 ಚಿಪ್ ಅನ್ನೇ ನೋಡಿ. ಹೊರಬದಿಯಲ್ಲಿ 10 ವೋಲ್ಟ್ ಇದ್ದರೆ 250 ಓಮ್ ಕೇಳುವುದು 40 ಮಿಲಿ ಆಂಪಿಯರ್. ಚಿಪ್ ಕೊಡಬಲ್ಲದ್ದು ಸುಮಾರು 25. ಇನ್ನು ಒಳದ್ವಾರಕ್ಕೆ 'ಹರಿಯದು' ಎಂದ ವಿದ್ಯುತ್ ವಾಸ್ತವದಲ್ಲಿ ಸುಮಾರು 80 ನ್ಯಾನೊ ಆಂಪಿಯರ್. ಅದು 1 ಕೋಟಿ ಓಮ್ ಮೂಲಕ ಹಾದರೆ, ಸಂಕೇತವೇ ಇಲ್ಲದಾಗಲೂ ಹೊರಬದಿಯಲ್ಲಿ 0.8 ವೋಲ್ಟ್ ಕಾಣಿಸುತ್ತದೆ. ಹತ್ತು ಕಿಲೋ ಓಮ್ ಈ ಎರಡು ಅತಿಗಳ ನಡುವಿನ ಆಯ್ಕೆ. ಆಯ್ಕೆ ಸರಿ, ಕಾರಣವನ್ನು ಯಾರೂ ಕೇಳುವುದಿಲ್ಲ.

ಆ 250 ಕಿಲೋ ಓಮ್ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಇನ್ನೊಂದು ಪಾಠ ಕಾದಿರುತ್ತದೆ. ಸಾಮಾನ್ಯ ರೆಸಿಸ್ಟರ್‌ಗಳು 10, 12, 15, 18, 22, 27, 33 ಹೀಗೆ 82ರವರೆಗಿನ ಹನ್ನೆರಡು ಮೌಲ್ಯಗಳಲ್ಲಿ, ಅವುಗಳ ಹತ್ತು, ನೂರರ ಗುಣಕಗಳಲ್ಲಿ ತಯಾರಾಗುತ್ತವೆ. ಇಪ್ಪತ್ತನಾಲ್ಕು ಮೌಲ್ಯಗಳ ಸರಣಿಯಲ್ಲೂ 24ರ ನಂತರ 27. ಆದರೆ 3.3 ಮತ್ತು 82 ಕಿಲೋ ಓಮ್ ಸಿಗುತ್ತವೆ. ಅವುಗಳ ಅನುಪಾತ 24.85. ಕೊರತೆ ಶೇ 0.6 ಮಾತ್ರ. ಬಿಡಿ ರೆಸಿಸ್ಟರಿಗೇ ಶೇ 5ರ ಏರುಪೇರು ಸಹಜವಾಗಿರುವಾಗ, ಜೋಡಿಯ ಅನುಪಾತ ಶೇ 10ರಷ್ಟು ಹೆಚ್ಚುಕಡಿಮೆಯಾಗಬಹುದು. ಅದರ ಮುಂದೆ ಈ ಕೊರತೆ ಲೆಕ್ಕಕ್ಕಿಲ್ಲ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ವಿನ್ಯಾಸ ಕೇಂದ್ರ ತೆರೆದ ನಗರವಿದು. ಇಲ್ಲಿನ ಪ್ರಶ್ನೆಪತ್ರಿಕೆಗಳು 'ದೊರೆಯುವ ಮೌಲ್ಯಗಳಲ್ಲಿ ಆರಿಸಿ, ದೋಷವೆಷ್ಟೆಂದು ತಿಳಿಸಿ, ಕಾರಣ ಕೊಡಿ' ಎಂಬ ಇನ್ನೊಂದು ಸಾಲು ಸೇರಿಸಿದರೆ ಖರ್ಚೇನೂ ಇಲ್ಲ. ಮೌಲ್ಯಮಾಪಕರಿಗೆ ಮಾತ್ರ ಕೆಲಸ ಹೆಚ್ಚು, ಏಕೆಂದರೆ ಸರಿಯುತ್ತರ ಒಂದೇ ಆಗಿರುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಹುಡುಗಿ ಶ್ರದ್ಧೆಯಿಂದ ಕೇಳಿಸಿಕೊಂಡಳು. ಪರೀಕ್ಷೆಯಲ್ಲಿ 3.3 ಮತ್ತು 82 ಎಂದು ಬರೆದರೆ ಅಂಕ ಕಳೆಯುತ್ತಾರೆಯೇ ಎಂದು ವಿಚಾರಿಸಿದಳು. ಇಲ್ಲವೆಂದು ಭರವಸೆ ಕೊಡಲು ನನ್ನಿಂದಾಗಲಿಲ್ಲ.