ವಸಂತದ ಸೆಕೆಯೂ ಕೊರಳಿನ ಟೈಯೂ

ಹೋಳಿ ಹುಣ್ಣಿಮೆ ಕಳೆಯಿತೆಂದರೆ ವಸಂತ ಬಂತೆಂದು ಪಂಚಾಂಗ ಹೇಳುತ್ತದೆ. ಕೋಗಿಲೆ ಕೂಗುವ ಆ ವಸಂತ ಊರಿನಲ್ಲೇ ಉಳಿಯಿತು. ಮುಂಬಯಿಯಲ್ಲಿ ನಮ್ಮ ಪಾಲಿಗೆ ಬರುವುದು ಬೆವರು. ಮಾರ್ಚ್ ತಿಂಗಳಲ್ಲಿ ಪೂರ್ವದ ಬಿಸಿಗಾಳಿ ಬೀಸಿ ಕಡಲ ಗಾಳಿ ತಡವಾದ ದಿನ ಉಷ್ಣಮಾಪಕ 40 ಡಿಗ್ರಿ ಮುಟ್ಟುವುದುಂಟು. ಅಂಥ ದಿನವೂ ಲೋಕಲ್ ಗಾಡಿಯಲ್ಲಿ ಕೋಟು ತೊಟ್ಟು, ಟೈ ಬಿಗಿದು ನಿಂತ ತರುಣರನ್ನು ಕಂಡರೆ ನಮಗೆ ನಗೆಯೂ ಬರುತ್ತದೆ, ಕನಿಕರವೂ ಬರುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರ ಮಕ್ಕಳೂ ಅವರಲ್ಲಿದ್ದಾರಲ್ಲ!

ಕಛೇರಿಯೊಳಗೆ ತಂಪುಯಂತ್ರವಿದೆ ಎನ್ನುತ್ತಾರೆ ಯಜಮಾನರು. ಕೋಟು ತೊಟ್ಟವನಿಗಾಗಿ ಕೋಣೆಯನ್ನು ತಣ್ಣಗೆ ಮಾಡುವುದು, ಕೋಣೆ ತಣ್ಣಗಿದೆಯೆಂದು ಕೋಟು ತೊಡುವುದು, ಇದೆಂಥ ಲೆಕ್ಕ? ಜಪಾನ್ ಸರಕಾರ 2005ರಲ್ಲೇ ಬೇಸಗೆಯ ಕಛೇರಿಗಳಲ್ಲಿ ಉಷ್ಣತೆ 28 ಡಿಗ್ರಿ ಇರಲಿ, ಟೈ ಕೋಟು ಬಿಡಿ ಎಂದಿತು. ಬಾಂಗ್ಲಾದೇಶವೂ ವಿದ್ಯುತ್ತು ಉಳಿಸಲೆಂದು 2009ರಲ್ಲಿ ತನ್ನ ಅಧಿಕಾರಿಗಳಿಗೆ ಅದನ್ನೇ ಹೇಳಿತು.

ಆದರೂ ಕುರ್ಚಿಯಲ್ಲಿ ಕುಳಿತವನ ಕಷ್ಟ ಸಣ್ಣದು. ಬಿಸಿಲಲ್ಲಿ ನಿಂತ ಕಾವಲುಗಾರನನ್ನು ನೋಡಿ. ಅಡುಗೆಮನೆಗೂ ಮೇಜಿಗೂ ನಡುವೆ ದಿನಕ್ಕೆ ನೂರಾರು ಸಲ ಓಡಾಡುವ ಮಾಣಿಯನ್ನು ನೋಡಿ. ಇವರಿಗೆ ಕೊಡುವುದು ಪಾಲಿಯೆಸ್ಟರ್ ಸಮವಸ್ತ್ರ. ಬೇಗ ಒಣಗುತ್ತದೆ, ಇಸ್ತ್ರಿ ಬೇಡ ಎಂಬುದು ಧಣಿಗಳ ವಾದ. ಗಿರಣಿಯಲ್ಲಿ ದುಡಿದವರಿಗೆ ಬಟ್ಟೆಯ ಗುಣ ಹೇಳಿಕೊಡಬೇಕಾಗಿಲ್ಲ. ಹತ್ತಿ ತನ್ನ ತೂಕದ ನೂರಕ್ಕೆ ಎಂಟರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಳ್ಳುತ್ತದೆ, ಪಾಲಿಯೆಸ್ಟರ್ ನೂರಕ್ಕೆ ಅರ್ಧವನ್ನೂ ಹೀರದು. ಬೆವರು ಮೈಮೇಲೆಯೇ ನಿಲ್ಲುತ್ತದೆ. ಬೆಂಕಿ ತಗಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆಯ ಮುಂದೆ ನಿಲ್ಲುವವನಿಗೆ ಅಂಥ ಅಂಗಿ ತೊಡಿಸುವುದು ಅನ್ಯಾಯ.

ನೂಲು ಕಡಿಯದಿರಲೆಂದು ಮಗ್ಗದ ಖಾತೆಯಲ್ಲಿ ಗಾಳಿಗೇ ನೀರು ಸಿಂಪಡಿಸುತ್ತಿದ್ದರು. ಆ ಸೆಕೆಯಲ್ಲಿ ನಮ್ಮವರು ಬನಿಯನ್ ತೊಟ್ಟು ದುಡಿದರು. ಆಗ ಕೊರಳಿಗೆ ಟೈ ಕಟ್ಟಿರೆಂದು ಯಾರೂ ಹೇಳಲಿಲ್ಲ. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಲೋವರ್ ಪರೇಲಿನಲ್ಲಿ ಅವುಗಳ ಜಾಗದಲ್ಲಿ ಗಾಜಿನ ಕಛೇರಿಗಳೆದ್ದವು. ಹತ್ತಿಬಟ್ಟೆ ನೇಯ್ದ ಅದೇ ನೆಲದಲ್ಲಿ ಇಂದು ಬಾಗಿಲು ಕಾಯುವವನು ಪಾಲಿಯೆಸ್ಟರಿನಲ್ಲಿ ಬೇಯುತ್ತಿದ್ದಾನೆ.

ಮೊನ್ನೆ ಒಬ್ಬ ಹುಡುಗ ಸಂಘದ ಕಛೇರಿಗೆ ಬಂದಿದ್ದ. ಹೋಟೆಲಿನವರು ಕೊಟ್ಟದ್ದು ಒಂದೇ ಜೊತೆ, ಅದರ ಹಣವೂ ಸಂಬಳದಲ್ಲಿ ಮುರಿದಿದೆ. ರಾತ್ರಿ ಒಗೆದು ಬೆಳಗಿನ ಜಾವ ಹಸಿಯಾಗಿಯೇ ತೊಟ್ಟು ಸೊಂಟದ ಸುತ್ತ ಗಜಕರ್ಣ ಎದ್ದಿದೆ. ಕೆಲಸ ಹೋದೀತೆಂದು ತೋರಿಸಲೂ ಹೆದರುತ್ತಾನೆ.

ಹೋಳಿಯಿಂದ ಮೃಗಶಿರ ಮಳೆಯವರೆಗಾದರೂ ಹತ್ತಿಯ ಸಮವಸ್ತ್ರ ಬೇಕು, ಎರಡು ಜೊತೆ ಬೇಕು, ಧಣಿಗಳ ಖರ್ಚಿನಲ್ಲೇ ಬೇಕು. ಕೊರಳಿನ ಗುಂಡಿ ಬಿಚ್ಚಿದರೆ ಗಿರಾಕಿಯ ಇಡ್ಲಿ ಕೆಡುವುದಿಲ್ಲ. ಅಂಗಿ ಶುಭ್ರವಾಗಿರಬೇಕೆಂಬುದನ್ನು ನಾವೂ ಒಪ್ಪುತ್ತೇವೆ, ಅದಕ್ಕೇ ಎರಡನೆಯ ಜೊತೆ ಕೇಳುತ್ತಿದ್ದೇವೆ.

ಬಾಂಧವರು ತಮಗೆ ಸಿಕ್ಕ ಸಮವಸ್ತ್ರ ಯಾವ ಬಟ್ಟೆಯದು, ಎಷ್ಟು ಜೊತೆ, ಎಷ್ಟು ರೂಪಾಯಿ ಮುರಿದರು ಎಂಬುದನ್ನು ಚೈತ್ರ ಮುಗಿಯುವುದರೊಳಗೆ ಸಂಘಕ್ಕೆ ತಿಳಿಸಬೇಕು. ಹೆಸರನ್ನು ಎಲ್ಲಿಯೂ ಹೇಳುವುದಿಲ್ಲ.